ಪಿಯುಸಿ ಮುಗಿಸಿದ ಮಗನನ್ನು ಸೇವೆಗೆ ಅಂತ ನೇಪಾಳಕ್ಕೆ ಕಳಿಸಬಹುದಾ? ಅನುಭವ ಇರುವವರು ಹೇಳಿ

ಕುವೆಂಪುನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಈ ಸಲ ಸೆಕೆಂಡ್ ಪಿಯುಸಿ ಮುಗಿಸಿದ. ಸಿಇಟಿಯೂ ಬರೆದಾಯಿತು. ಎರಡು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಟ್ಯೂಷನ್, ಕಾಲೇಜು, ಮತ್ತೆ ಟ್ಯೂಷನ್ ಅಂತ ಓಡಿದ ಹುಡುಗ. ಈಗ ಕೌನ್ಸೆಲಿಂಗ್ ಶುರುವಾಗುವವರೆಗೆ ಮನೆಯಲ್ಲೇ ಇದ್ದಾನೆ.

ಹೋದ ವಾರ ಒಂದು ಕಂಪನಿಯವರು ಅವನ ಕಾಲೇಜಿಗೆ ಬಂದಿದ್ದರಂತೆ. ನೇಪಾಳಕ್ಕೆ 21 ದಿನದ ಸಮುದಾಯ ಸೇವೆ ಪ್ರವಾಸ. ಹತ್ತು ದಿನ ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳೋದು, ಗೋಡೆಗೆ ಬಣ್ಣ ಹೊಡೆಯೋದು. ನಾಲ್ಕು ದಿನ ಅನಾಥಾಲಯ. ಉಳಿದದ್ದು ಪೋಖರಾ ಮತ್ತು ಟ್ರೆಕ್ಕಿಂಗ್. ಒಟ್ಟು 1,85,000 ರೂಪಾಯಿ. ಸರ್ಟಿಫಿಕೇಟ್ ಕೊಡುತ್ತಾರೆ, ಮುಂದೆ ಹೊರದೇಶದ ಯೂನಿವರ್ಸಿಟಿಗೆ ಅರ್ಜಿ ಹಾಕುವಾಗ ಅದಕ್ಕೆ ಬೆಲೆ ಇದೆ ಅಂತ ಹೇಳಿದ್ದಾರೆ.

ನಮ್ಮ ಯಜಮಾನರು ಬೇಡವೇ ಬೇಡ ಅನ್ನುತ್ತಾರೆ. ನನಗೆ ಸುಮ್ನೆ ಬೇಡ ಅನ್ನೋಕೆ ಮನಸ್ಸು ಬರುತ್ತಿಲ್ಲ. ಮೊನ್ನೆ ರಾತ್ರಿ ಊಟ ಮುಗಿಸಿ ತಟ್ಟೆಯಲ್ಲೇ ಕೈ ಒಣಗಿಸಿಕೊಂಡು ಕೂತಿದ್ದವನು, "ಅಮ್ಮ, ನಾನು ಇಲ್ಲಿಯವರೆಗೆ ಯಾರಿಗೂ ಉಪಯೋಗಕ್ಕೆ ಬರೋ ಒಂದು ಕೆಲಸವನ್ನೂ ಮಾಡಿಲ್ಲ" ಅಂದ. ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಅವನಿಗೆ ಈಗ 17. ಆಗಸ್ಟ್‌ಗೆ 18 ತುಂಬುತ್ತದೆ.

ಹೀಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಮಕ್ಕಳನ್ನು ಕಳಿಸಿದವರು?

ಸರಸ್ವತಿಪುರಂ ನಿವಾಸಿ

ಮೇಡಂ, ಮೊದಲು ಅಡ್ವಾನ್ಸ್ ಕಟ್ಟಬೇಡಿ. ಕಟ್ಟಿದ ಮೇಲೆ ಹೋಗದಿದ್ದರೆ ಎಷ್ಟು ವಾಪಸ್ ಕೊಡುತ್ತಾರೆ ಅನ್ನೋದನ್ನು ಬರಹದಲ್ಲಿ ಕೇಳಿ. ಇನ್ನೊಂದು ವಿಷಯ. ಸಿಇಟಿ ವೆರಿಫಿಕೇಶನ್, ಆಪ್ಷನ್ ಎಂಟ್ರಿ ಯಾವ ದಿನ ಬರುತ್ತದೋ ಗೊತ್ತಾಗಲ್ಲ. ಓಟಿಪಿ ಬರುವ ಸಿಮ್ ಮಗನ ಜೇಬಿನಲ್ಲಿ ನೇಪಾಳದ ಬೆಟ್ಟದ ಮೇಲಿದ್ದರೆ ನೀವು ಇಲ್ಲಿ ಕಂಪ್ಯೂಟರ್ ಮುಂದೆ ಕೈಕಟ್ಟಿ ಕೂರಬೇಕಾಗುತ್ತದೆ. ನಮ್ಮ ಅಣ್ಣನ ಮಗಳ ವಿಷಯದಲ್ಲಿ ಹೀಗೇ ಆಗಿ ಒಂದು ರೌಂಡ್ ತಪ್ಪಿಹೋಯಿತು.

ಕೋಟೆ ಮೇಷ್ಟ್ರು

ತಾಯಿ, ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 26 ವರ್ಷ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದವನು. ನೀವು ಹೋಗುವವರ ಕಡೆ ನಿಂತು ಕೇಳುತ್ತಿದ್ದೀರಿ. ಬಂದವರನ್ನು ಬರಮಾಡಿಕೊಂಡವರ ಕಡೆಯಿಂದ ನಾನು ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಶಾಲೆಗೆ ಐದು ವರ್ಷ, ಪ್ರತಿ ಜುಲೈನಲ್ಲಿ, ಹೊರದೇಶದ ಹುಡುಗ ಹುಡುಗಿಯರು ಬರುತ್ತಿದ್ದರು. ಶಾಲೆ ಮುಗಿಸಿ ಕಾಲೇಜಿಗೆ ಸೇರುವ ಮುಂಚೆ ಬರುವವರು. ಒಳ್ಳೆಯ ಮಕ್ಕಳು. ನೆಲದ ಮೇಲೆ ಕೂತು ಮುದ್ದೆ ನುಂಗಲು ಕಲಿತರು. ಮೊದಲ ವರ್ಷ ಶಾಲೆಯ ಹಿಂದಿನ ಗೋಡೆ ಮೇಲೆ ಜಿರಾಫೆ ಬರೆದರು. ಮಾರನೇ ವರ್ಷದವರು ಅದರ ಮೇಲೆ ಬಿಳಿ ಬಳಿದು ಭೂಪಟ ಬರೆದರು. ಅದರ ಮೇಲೆ ಮೂರನೇ ವರ್ಷದವರ ಮಳೆಬಿಲ್ಲು. ಜುಲೈ ಅಂದರೆ ನಮ್ಮ ಕಡೆ ಕಬಿನಿ ತುಂಬುವ ಕಾಲ. ಗೋಡೆ ಬೆವರುತ್ತಿರುತ್ತದೆ. ಆಗ ಬಳಿದ ಬಣ್ಣ ದೀಪಾವಳಿ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಊರಿನ ಯಾವ ಪೇಂಟರ್‌ನ ಕೇಳಿದ್ದರೂ ಏಪ್ರಿಲ್‌ನಲ್ಲಿ ಮಾಡಿ ಅನ್ನುತ್ತಿದ್ದ. ಆದರೆ ಅವರ ರಜೆ ಇದ್ದದ್ದು ಜುಲೈನಲ್ಲಿ. ನಮ್ಮ ಗೋಡೆ ಯಾವಾಗ ಒಣಗಿರುತ್ತದೆ ಅಂತ ಯಾರೂ ಕೇಳಲಿಲ್ಲ. ಅಷ್ಟು ವರ್ಷವೂ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪ್ ಬರಲಿಲ್ಲ. ಅದನ್ನೂ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ದೂರದಿಂದ ಬಂದ ಅತಿಥಿಗಳ ಹತ್ತಿರ ಹೇಗೆ ಹೇಳೋದು ಅಂತ ಸುಮ್ಮನಿದ್ದೆ. ಅದು ನನ್ನ ತಪ್ಪು.

ನಾಲ್ಕನೇ ಕ್ಲಾಸಿನಲ್ಲಿ ಹಾಡಿಯಿಂದ, ಅಂದರೆ ಕಾಡಂಚಿನ ಬುಡಕಟ್ಟು ಜನರ ಕೇರಿಯಿಂದ ಬರುವ ಜೇನುಕುರುಬರ ಹುಡುಗಿ ಒಬ್ಬಳಿದ್ದಳು. ಮಾತು ಕಡಿಮೆ. ಬಂದಿದ್ದ ಒಬ್ಬ ಅಕ್ಕನಿಗೆ ತುಂಬಾ ಅಂಟಿಕೊಂಡಳು. ಆ ಅಕ್ಕ ಹೋದ ಮೇಲೆ ಹತ್ತು ಹನ್ನೆರಡು ದಿನ ಬೆಳಗಿನ ಬಸ್ ಬರುವ ಹೊತ್ತಿಗೆ ಗೇಟಿನ ಕಂಬಿ ಹಿಡಿದು ನಿಂತಿರುತ್ತಿದ್ದಳು. ಆಮೇಲೆ ಶಾಲೆಗೆ ಬರೋದೇ ಬಿಟ್ಟಳು. ಮತ್ತೆ ಕರೆತರಲು ನಾನು ಮೂರು ಸಲ ಹಾಡಿಗೆ ಹೋಗಿದ್ದೆ.

ಒಳ್ಳೆಯದನ್ನೂ ಹೇಳಬೇಕು. ನಾಲ್ಕನೇ ವರ್ಷ ಬಂದವರಲ್ಲಿ ಒಬ್ಬ ಹುಡುಗ ಮೊದಲ ದಿನವೇ, "ಇಲ್ಲಿ ಕೆಟ್ಟು ಬಿದ್ದಿರೋದು ಏನು?" ಅಂತ ಕೇಳಿದ. ಪಕ್ಕದ ಹೈಸ್ಕೂಲಿನಲ್ಲಿ ಸರ್ಕಾರ ಎಂಟನೇ ಕ್ಲಾಸಿನವರಿಗೆ ಕೊಟ್ಟ ಸೈಕಲ್‌ಗಳು ಸಾಲಾಗಿ ತುಕ್ಕು ಹಿಡಿದು ನಿಂತಿದ್ದವು. ಚೈನ್ ಬಿದ್ದದ್ದು, ಬ್ರೇಕ್ ಹೋದದ್ದು. ಆ ಹುಡುಗ ತನ್ನ ಊರಿನಲ್ಲಿ ಮೂರು ವರ್ಷ ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡಿದ್ದನಂತೆ. ಜಗುಲಿಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತ. ಮೂರು ವಾರದಲ್ಲಿ ಮೂವತ್ತಕ್ಕೂ ಹೆಚ್ಚು ಸೈಕಲ್ ರಿಪೇರಿ ಆಯಿತು. ಅದಕ್ಕಿಂತ ಮುಖ್ಯ, ನಮ್ಮ ಇಬ್ಬರು ಹುಡುಗರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಲಿಸಿದ. ಅವರಲ್ಲಿ ಒಬ್ಬ ಇವತ್ತು ಸರಗೂರು ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ.

ನಿಮ್ಮ ಮಗನನ್ನು ಒಂದೇ ಮಾತು ಕೇಳಿ. ಅವನಿಗೆ ಬರುವ ಯಾವ ಕೆಲಸ ಆ ನೇಪಾಳದ ಹಳ್ಳಿಯಲ್ಲಿ ಯಾರಿಗೂ ಬರಲ್ಲ?

ಪಾಂಡವಪುರದ ಹುಡುಗಿ

ಮೇಷ್ಟ್ರೇ, ನೀವು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಯಾಕೆಂದರೆ ನಾನು ಆ ಕಡೆ ಇದ್ದವಳು.

2018ರ ಮೇ ತಿಂಗಳು. ಆಗ ತಾನೇ ಪಿಯುಸಿ ಮುಗಿಸಿದ್ದೆ. ಚಿಕ್ಕಪ್ಪ ದುಡ್ಡು ಕೊಟ್ಟರು. ನೇಪಾಳದ ಸಿಂಧುಪಾಲ್ಚೋಕ್ ಜಿಲ್ಲೆಗೆ ಹೋದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ತುಂಬಾ ಪೆಟ್ಟು ತಿಂದ ಜಿಲ್ಲೆ ಅದು. ಆ ಭೂಕಂಪದ ತೀವ್ರತೆ 7.8. ದೇಶದಲ್ಲಿ ಸತ್ತವರು ಸುಮಾರು ಒಂಬತ್ತು ಸಾವಿರ ಜನ. ಮೂರು ವರ್ಷ ಕಳೆದಿದ್ದರೂ ನಾನು ಹೋದ ಶಾಲೆ ತಗಡಿನ ಶೆಡ್‌ನಲ್ಲೇ ಇತ್ತು.

ನನಗೆ ಕೊಟ್ಟ ಕೆಲಸ ಐದನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡೋದು. ಅಲ್ಲಿ ಶಾಲೆಯ ವರ್ಷ ಏಪ್ರಿಲ್ ಮಧ್ಯದಲ್ಲಿ, ಅವರ ಬೈಶಾಖ ತಿಂಗಳಲ್ಲಿ ಶುರುವಾಗುತ್ತದೆ. ಅಂದರೆ ನಾನು ಹೋದಾಗ ಪಾಠ ಆಗಷ್ಟೇ ಹಿಡಿತಕ್ಕೆ ಬರುತ್ತಿತ್ತು. ಮೊದಲ ದಿನ ಒಳಗೆ ಹೋದೆ. ಅಲ್ಲಿನ ಸರ್ ಬೋರ್ಡಿನ ಮೇಲೆ ಭಿನ್ನರಾಶಿ ಲೆಕ್ಕ ಬರೆಯುತ್ತಿದ್ದರು. ನನ್ನನ್ನು ನೋಡಿ ನಿಲ್ಲಿಸಿದರು. ಅರ್ಧ ಮಾಡಿದ ಲೆಕ್ಕದ ಸುತ್ತ ಚಾಕ್‌ಪೀಸಿನಲ್ಲಿ ಒಂದು ಚೌಕ ಎಳೆದರು. ಬೋರ್ಡಿನ ಉಳಿದ ಜಾಗ ಒರೆಸಿ ಡಸ್ಟರ್ ನನ್ನ ಕೈಗೆ ಕೊಟ್ಟು ಬಾಗಿಲ ಹತ್ತಿರ ಹೋಗಿ ನಿಂತರು.

ಹನ್ನೆರಡು ದಿನ ನಾನು ಆ ಚೌಕ ಬಿಟ್ಟು ಉಳಿದ ಜಾಗದಲ್ಲಿ ಬರೆದೆ. ಬಣ್ಣಗಳ ಹೆಸರು, ಪ್ರಾಣಿಗಳ ಹೆಸರು, ಒಂದು ಹಾಡು. ನನ್ನ ಹಿಂದಿನ ತಂಡದವರೂ ಅದನ್ನೇ ಹೇಳಿಕೊಟ್ಟಿದ್ದರಂತೆ. ಮಕ್ಕಳು ನನಗಿಂತ ಮುಂಚೆಯೇ ಹಾಡು ಶುರು ಮಾಡುತ್ತಿದ್ದರು. ಕೊನೆಯ ದಿನ ಬ್ಯಾಗ್ ಹಾಕಿಕೊಂಡು ಹೊರಡುವಾಗ ತಿರುಗಿ ನೋಡಿದೆ. ಸರ್ ಆ ಚೌಕದೊಳಗಿನ ಲೆಕ್ಕದಿಂದಲೇ ಮುಂದುವರಿಸಿದ್ದರು. ನನ್ನ ಹನ್ನೆರಡು ದಿನ ಅವರ ಪೋರ್ಷನ್‌ನಲ್ಲಿ ಕಳೆದುಹೋದ ಹನ್ನೆರಡು ದಿನ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಲ್ಲಿ ನಾನು ಮಾಡಿದ ಉಪಯೋಗದ ಕೆಲಸ ಒಂದೇ. ಯಾರೋ ಕೊಟ್ಟ ನಾಲ್ಕು ಚೀಲ ನೇಪಾಳಿ ಪುಸ್ತಕ ಮೂಲೆಯಲ್ಲಿ ಬಿದ್ದಿತ್ತು. ಹೈಸ್ಕೂಲಿನಲ್ಲಿ ಹಿಂದಿ ಕಲಿತಿದ್ದರಿಂದ ನನಗೆ ಆ ಲಿಪಿ ಓದಲು ಬರುತ್ತಿತ್ತು. ಇಬ್ಬರು ಹುಡುಗಿಯರ ಜೊತೆ ಕೂತು ಕ್ಲಾಸಿನ ಪ್ರಕಾರ ಜೋಡಿಸಿ ನಂಬರ್ ಹಚ್ಚಿದೆ. ನಾಲ್ಕು ಸಂಜೆಯ ಕೆಲಸ.

ಮದ್ದೂರಿನ ಅಪ್ಪ

ಪಾಂಡವಪುರದ ಮಗಳು ಮನಸ್ಸು ಬಿಚ್ಚಿ ಹೇಳಿದ್ದಾಳೆ. ಅದಕ್ಕೇ ನಾನು ಕೇಳುತ್ತೇನೆ, ಅಷ್ಟು ದೂರ ಯಾಕೆ ಹೋಗಬೇಕು?

ನಮ್ಮೂರ ಸುತ್ತಮುತ್ತ ಆಲೆಮನೆಗಳಿವೆ. ಕೊಪ್ಪರಿಗೆ ಮುಂದೆ ನಿಂತು ಬೆಲ್ಲ ಕಾಯಿಸುವವರಲ್ಲಿ ಈಗ ಬಹಳ ಜನ ಉತ್ತರ ಪ್ರದೇಶ, ಬಿಹಾರದವರು. ಕೆಲವರು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಂದಿದ್ದಾರೆ. ಆ ಮಕ್ಕಳಿಗೆ ಹಿಂದಿ ಬಿಟ್ಟರೆ ಬೇರೆ ಬರಲ್ಲ. ಶಾಲೆಗೆ ಸೇರಿಸಿದರೆ ಕನ್ನಡ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಒಂದು ತಿಂಗಳಾದ ಮೇಲೆ ಬರೋದೇ ಇಲ್ಲ. ಕಬ್ಬಿನ ಸಿಪ್ಪೆ ರಾಶಿ ಮೇಲೆ ಆಡಿಕೊಂಡಿರುತ್ತಾರೆ. ಒಂದೂ ಮುಕ್ಕಾಲು ಲಕ್ಷಕ್ಕಿಂತ ಜಾಸ್ತಿ ಕೊಟ್ಟು ಕಠ್ಮಂಡುಗೆ ಹೋಗಿ ಬರೋ ಹುಡುಗ ಮೈಸೂರಿನಿಂದ ರೈಲು ಹತ್ತಿ ಇಲ್ಲಿಗೆ ಬಂದರೆ ಆಗಲ್ವಾ? ಒಬ್ಬ ಅತಿಥಿ ಶಿಕ್ಷಕರಿಗೆ ಒಂದು ವರ್ಷಕ್ಕೆ ಸಿಗುವ ಸಂಬಳಕ್ಕಿಂತ ಜಾಸ್ತಿ ದುಡ್ಡು ಅದು.

ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ಕೋಪದಿಂದ ಹೇಳುತ್ತಿಲ್ಲ.

ಪಾಂಡವಪುರದ ಹುಡುಗಿ

ಅಣ್ಣ, ನಿಮ್ಮ ಮಾತು ಸರಿ. ಆದರೂ ಒಂದು ವಿಷಯದಲ್ಲಿ ನಾನು ಒಪ್ಪಲ್ಲ. ಹೋಗಲೇಬಾರದು ಅನ್ನೋದು ಸರಿಯಲ್ಲ.

ನಾನು ಉಳಿದುಕೊಂಡದ್ದು ಒಬ್ಬ ಆಮಾ ಮನೆಯಲ್ಲಿ. ಅವರ ಭಾಷೆಯಲ್ಲಿ ಅಮ್ಮನಿಗೆ ಆಮಾ. ಎರಡನೇ ದಿನ ಸಂಜೆ ಒಲೆ ಮೇಲೆ ಕಬ್ಬಿಣದ ಬಾಣಲೆಯಲ್ಲಿ ನೀರು ಕುದಿಯುತ್ತಿತ್ತು. ಆಮಾ ಅದಕ್ಕೆ ಕಪ್ಪಗಿನ ಹಿಟ್ಟು ಸುರಿದು ಮರದ ಸೌಟಿನಿಂದ ತಿರುವಲು ಶುರು ಮಾಡಿದರು. ವಾಸನೆ ಬಂತು. ನನ್ನ ಅಜ್ಜಿ ಮನೆ ವಾಸನೆ. ಅದು ರಾಗಿ. ಅವರು ಕೋದೊ ಅನ್ನುತ್ತಾರೆ. ಮಾಡುವ ಅಡುಗೆಗೆ ಢಿಂಡೊ ಅಂತ ಹೆಸರು. ನಾನು ಕೈ ಒದ್ದೆ ಮಾಡಿಕೊಂಡು ಬಿಸಿ ಹಿಟ್ಟು ತೆಗೆದು ಉಂಡೆ ಕಟ್ಟಿ ತೋರಿಸಿದೆ. ಆಮಾ ಬಿದ್ದು ಬಿದ್ದು ನಕ್ಕರು. ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದರು. ಆಮೇಲೆ ಪ್ರತಿ ಸಂಜೆ ಉಂಡೆ ಕಟ್ಟೋದು ನನ್ನ ಕೆಲಸವಾಯಿತು.

ಆಮಾ ಮಗ ಕತಾರ್‌ನಲ್ಲಿ ದುಡಿಯುತ್ತಿದ್ದ. ನಾಲ್ಕು ವರ್ಷದಿಂದ ಊರಿಗೆ ಬಂದಿರಲಿಲ್ಲ. ವಾರಕ್ಕೊಮ್ಮೆ ವಿಡಿಯೋ ಕಾಲ್. ನೇಪಾಳದಲ್ಲಿ ಆಗ ವಾರದ ರಜೆ ಶನಿವಾರ ಇತ್ತು, ಹಾಗಾಗಿ ಶುಕ್ರವಾರ ರಾತ್ರಿ ಎಲ್ಲರೂ ಒಂದೇ ಫೋನಿನ ಸುತ್ತ ಕೂರುತ್ತಿದ್ದರು. ಅದಕ್ಕೆ ಮುಂಚೆ ನಾನು ಮೈಸೂರಿನ ಹೋಟೆಲ್‌ಗಳಲ್ಲಿ ನೇಪಾಳದ ಹುಡುಗರನ್ನು ಎಷ್ಟು ಸಲ ನೋಡಿದ್ದೆ. ಯಾವತ್ತೂ ಊರು ಯಾವುದು ಅಂತ ಕೇಳಿರಲಿಲ್ಲ. ಈಗ ಕೇಳುತ್ತೇನೆ. ಜಿಲ್ಲೆಯ ಹೆಸರು ಹೇಳಿದರೆ ನನಗೆ ಆ ದಾರಿ ಕಣ್ಣಿಗೆ ಬರುತ್ತದೆ.

ಅಲ್ಲಿಗೆ ಹೋಗಿ ನಾನು ಏನೂ ಕೊಡಲಿಲ್ಲ ಅಣ್ಣ. ತೆಗೆದುಕೊಂಡು ಬಂದೆ. ಅದನ್ನು ಸೇವೆ ಅಂತ ಕರೆದದ್ದೇ ತಪ್ಪಾಯಿತು. ಕಲಿಯೋಕೆ ಹೋಗುತ್ತೇನೆ ಅಂತ ಹೇಳಿ, ಆಮಾ ಮನೆಗೆ ನೇರವಾಗಿ ದುಡ್ಡು ಕೊಟ್ಟು, ಆ ಸರ್ ಪಾಠಕ್ಕೆ ಅಡ್ಡ ಬರದೆ ಇದ್ದಿದ್ದರೆ ನನಗೆ ಈ ಚುಚ್ಚು ಇರುತ್ತಿರಲಿಲ್ಲ.

ಮಕ್ಕಳ ಕೆಲಸದವಳು, ಮೈಸೂರು

ಮೇಡಂ, ಉಳಿದದ್ದು ಏನೇ ಇರಲಿ, ಆ ನಾಲ್ಕು ದಿನದ ಅನಾಥಾಲಯ ಮಾತ್ರ ಖಂಡಿತ ಬೇಡ. ನಾನು ಹದಿನೈದು ವರ್ಷದಿಂದ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಓದಿ.

ಕಾಂಬೋಡಿಯದಲ್ಲಿ 2005ರಲ್ಲಿ 154 ಅನಾಥಾಲಯಗಳಿದ್ದವು. 2010ರ ಹೊತ್ತಿಗೆ 269 ಆದವು. ಆ ಐದು ವರ್ಷದಲ್ಲಿ ಅಲ್ಲಿ ಯುದ್ಧ ಆಗಿರಲಿಲ್ಲ. ಹೆಚ್ಚಿದ್ದು ಪ್ರವಾಸಿಗರ ಸಂಖ್ಯೆ. ಅಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು ಅಂತ ಯುನಿಸೆಫ್ ಹೇಳಿತು. ನೇಪಾಳದಲ್ಲೂ ಇದೇ ಕಥೆ. ದೂರದ ಬೆಟ್ಟದ ಜಿಲ್ಲೆಗಳಿಂದ ಒಳ್ಳೆಯ ಶಾಲೆಗೆ ಸೇರಿಸುತ್ತೇವೆ ಅಂತ ಹೇಳಿ ಮಕ್ಕಳನ್ನು ಕರೆತರುತ್ತಾರೆ. ಅಪ್ಪ ಅಮ್ಮ ಸಾಲ ಮಾಡಿ ದಲ್ಲಾಳಿಗೆ ದುಡ್ಡು ಕೊಡುತ್ತಾರೆ. ಕರೆತಂದ ಮೇಲೆ ಮಗು ಅನಾಥ ಅಂತ ದಾಖಲಾಗುತ್ತದೆ. ಇಂತಹ ಬಹಳಷ್ಟು ಮನೆಗಳು ಪ್ರವಾಸಿಗರು ಓಡಾಡುವ ಕಠ್ಮಂಡು, ಪೋಖರಾ ಸುತ್ತಲೇ ಇರುವುದು ಸುಮ್ನೆ ಅಲ್ಲ. ಬಂದವರು ಕೊಡುವ ದುಡ್ಡಿಗೆ ಮಕ್ಕಳು ಬೇಕು. ಮಕ್ಕಳು ಚೆನ್ನಾಗಿದ್ದುಬಿಟ್ಟರೆ ದುಡ್ಡು ಕಡಿಮೆ ಬರುತ್ತದೆ.

2018ರಲ್ಲಿ ಆಸ್ಟ್ರೇಲಿಯಾ ಆಧುನಿಕ ಗುಲಾಮಗಿರಿ ವಿರುದ್ಧ ಕಾನೂನು ತಂದಾಗ ಹೀಗೆ ದುಡ್ಡಿಗಾಗಿ ಮಕ್ಕಳನ್ನು ಅನಾಥಾಲಯಕ್ಕೆ ಸಾಗಿಸುವುದರ ಚರ್ಚೆಯೂ ಅದರ ಜೊತೆ ಬಂತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಮಕ್ಕಳ ಹಕ್ಕಿನ ನಿರ್ಣಯದಲ್ಲಿ ಅನಾಥಾಲಯದ ಸ್ವಯಂಸೇವೆ ಮತ್ತು ಪ್ರವಾಸದಿಂದ ಆಗುವ ಹಾನಿಯನ್ನು ಬರೆಯಿತು.

ಮೇಷ್ಟ್ರು ಹೇಳಿದ ಆ ಹಾಡಿ ಹುಡುಗಿಗೆ ರಾತ್ರಿ ಹೋಗಲು ಅಮ್ಮನ ಮನೆ ಇತ್ತು. ಅನಾಥಾಲಯದ ಮಗುವಿಗೆ ಅದೂ ಇಲ್ಲ. ವಾರಕ್ಕೊಬ್ಬರು ಬಂದು ಎತ್ತಿ ಮುದ್ದಾಡಿ ಹೋಗುತ್ತಾರೆ. ಗೊತ್ತಿಲ್ಲದವರ ತೊಡೆ ಮೇಲೆ ಮಗು ಓಡಿ ಬಂದು ಕೂತರೆ ಅದನ್ನು ನೋಡಿ ನಮಗೆ ಖುಷಿಯಾಗುತ್ತದೆ. ನನ್ನಂಥವಳಿಗೆ ಭಯವಾಗುತ್ತದೆ. ನಿಮ್ಮ ಮನೆ ಮಗು ಹೀಗೆ ಯಾರ ತೊಡೆಗಾದರೂ ಓಡುತ್ತದಾ?

ಇನ್ನೊಂದು ಪ್ರಶ್ನೆ. ಆ ಕಂಪನಿಯವರು ನಿಮ್ಮ ಮಗನ ಬಗ್ಗೆ ಏನಾದರೂ ವಿಚಾರಣೆ ಮಾಡಿದ್ದಾರಾ? ಮಕ್ಕಳ ಹತ್ತಿರ ಬಿಡುವ ಮುಂಚೆ ಯಾರ ಪರಿಚಯ ಪತ್ರವನ್ನಾದರೂ ಕೇಳಿದರಾ? ದುಡ್ಡು ಕಟ್ಟಿದ ಯಾರನ್ನು ಬೇಕಾದರೂ ಒಳಗೆ ಬಿಡುವವರು ಆ ಮಕ್ಕಳನ್ನು ಕಾಯುತ್ತಿಲ್ಲ.

ಪ್ರಯಾಣದ ಕಾಗದ ಪತ್ರ ನೋಡಿಕೊಳ್ಳುವವ

ಕಾಗದದ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೇಪಾಳಕ್ಕೆ ನಮಗೆ ವೀಸಾ ಬೇಡ ಅನ್ನೋದು ನಿಜ, ಆದರೆ ಆಧಾರ್ ಸಾಕು ಅಂತ ತುಂಬಾ ಜನ ತಪ್ಪು ತಿಳಿದುಕೊಂಡಿದ್ದಾರೆ. ವಿಮಾನದಲ್ಲಿ ಹೋಗುವ ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. 15ಕ್ಕಿಂತ ಚಿಕ್ಕವರು ಮತ್ತು 65 ದಾಟಿದವರಿಗೆ ಮಾತ್ರ ಆಧಾರ್‌ನಂಥ ಗುರುತು ಪತ್ರ ನಡೆಯುತ್ತದೆ. 15ರಿಂದ 18ರವರಿಗೆ ಶಾಲೆಯ ಪ್ರಿನ್ಸಿಪಾಲ್ ನಿಗದಿತ ನಮೂನೆಯಲ್ಲಿ ಬರೆದುಕೊಡುವ ಗುರುತು ಪತ್ರಕ್ಕೆ ಅವಕಾಶ ಇದೆ. ಆದರೆ ಕೌಂಟರ್‌ನಲ್ಲಿ ನಿಂತು ವಾದ ಮಾಡೋದಕ್ಕಿಂತ ಪಾಸ್‌ಪೋರ್ಟ್ ಮಾಡಿಸಿಬಿಡಿ. ಬೆಂಗಳೂರಿಗೆ ಹೋಗಬೇಕಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಅನ್ನೋದು ದೇಶದಲ್ಲಿ ಮೊದಲು ಶುರುವಾದದ್ದೇ 2017ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ. ಮಗನಿಗೆ 18 ಆಗಿಲ್ಲದ ಕಾರಣ ತಂದೆ ತಾಯಿ ಇಬ್ಬರ ಸಹಿಯ ಒಪ್ಪಿಗೆ ಪತ್ರ, ಅಂದರೆ ಅನೆಕ್ಷರ್ ಡಿ ಬೇಕು. ಯಜಮಾನರು ಒಪ್ಪದಿದ್ದರೆ ಅದೂ ಕಷ್ಟ ಮೇಡಂ.

ಬೇರೆ ದೇಶಗಳ ಬಗ್ಗೆ ಒಂದು ಎಚ್ಚರಿಕೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಶಾಲೆಯಲ್ಲಿ ಪಾಠ ಮಾಡಿದರೆ ಎಷ್ಟೋ ಕಡೆ ಅದು ಕೆಲಸ ಅಂತಲೇ ಲೆಕ್ಕ, ಸಂಬಳ ಇಲ್ಲದಿದ್ದರೂ. ನಮ್ಮ ಬೈಲುಕುಪ್ಪೆಯನ್ನೇ ನೋಡಿ. ಅಲ್ಲಿನ ಟಿಬೆಟ್ ಶಿಬಿರದಲ್ಲಿ ರಾತ್ರಿ ಉಳಿಯುವ ವಿದೇಶಿಯರಿಗೆ ಕೇಂದ್ರ ಸರ್ಕಾರದ ವಿಶೇಷ ಪರವಾನಗಿ ಬೇಕು. ಕಂಪನಿಯವರು "ಏನಾದರೂ ಕೇಳಿದರೆ ಟ್ರೆಕ್ಕಿಂಗ್‌ಗೆ ಬಂದಿದ್ದೇನೆ ಅನ್ನು" ಅಂತ ಮಕ್ಕಳಿಗೆ ಹೇಳಿಕೊಟ್ಟರೆ ಅಲ್ಲೇ ಎದ್ದು ಬನ್ನಿ.

ಕೆ.ಆರ್. ಮೊಹಲ್ಲಾ ನರ್ಸ್

ಎರಡೇ ಮಾತು. ಟೈಫಾಯಿಡ್ ಮತ್ತು ಹೆಪಟೈಟಿಸ್ ಎ ಲಸಿಕೆ ಹೊರಡುವ ಎರಡು ವಾರ ಮುಂಚೆಯಾದರೂ ಆಗಿರಬೇಕು, ಡಾಕ್ಟರ್ ಹತ್ತಿರ ಮಾತಾಡಿ. ನಾಯಿ ಕಚ್ಚಿದರೆ ಬೆಟ್ಟದ ಹಳ್ಳಿಯಿಂದ ಲಸಿಕೆ ಸಿಗುವ ಆಸ್ಪತ್ರೆಗೆ ಎಷ್ಟು ಗಂಟೆ ದಾರಿ ಅಂತ ಕಂಪನಿಯವರನ್ನು ಕೇಳಿ. ಅಲ್ಲಿ ಜೂನ್‌ನಲ್ಲಿ ಮಳೆ ಶುರುವಾದರೆ ಗುಡ್ಡ ಕುಸಿದು ರಸ್ತೆಗಳು ಮುಚ್ಚಿಹೋಗುತ್ತವೆ. ಆಫ್ರಿಕಾ ಕಡೆ ಯೋಚನೆ ಇರುವವರಿಗೆ ಹೇಳುವುದಾದರೆ, ಹಳದಿ ಜ್ವರದ ಲಸಿಕೆ ಹತ್ತು ದಿನ ಮುಂಚೆ ಆಗಿರಬೇಕು. ಅದರ ಸರ್ಟಿಫಿಕೇಟ್ ಇಲ್ಲದೆ ಆ ಜ್ವರ ಇರುವ ದೇಶದಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಕ್ವಾರಂಟೈನ್‌ನಲ್ಲಿ ಇಡುತ್ತಾರೆ.

ಎನ್‌ಎಸ್‌ಎಸ್ ಕೆಲಸ ನೋಡಿಕೊಂಡಿದ್ದ ಉಪನ್ಯಾಸಕಿ

ಸರ್ಟಿಫಿಕೇಟ್ ಬಗ್ಗೆ ಹೇಳುತ್ತೇನೆ. ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, 1969ರ ಸೆಪ್ಟೆಂಬರ್ 24ರಂದು ಗಾಂಧಿ ಜನ್ಮಶತಾಬ್ದಿ ವರ್ಷದಲ್ಲಿ ಶುರುವಾಯಿತು. ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ಹಳ್ಳಿ ಶಿಬಿರ. ಡಿಗ್ರಿಗೆ ಸೇರಿದ ಮೇಲೆ ನಿಮ್ಮ ಮಗನೂ ಸೇರಬಹುದು. ನಾನು ಶಿಫಾರಸು ಪತ್ರ ಬರೆದುಕೊಟ್ಟ ಮಕ್ಕಳಲ್ಲಿ ಹೊರದೇಶಕ್ಕೆ ಓದಲು ಹೋದವರಿದ್ದಾರೆ. ಎರಡು ವರ್ಷ ಒಂದೇ ಹಳ್ಳಿಗೆ ಹೋಗಿ ಬಂದವರ ಬಗ್ಗೆ ನನಗೆ ಎರಡು ಪುಟ ಬರೆಯಲು ವಿಷಯ ಇರುತ್ತಿತ್ತು. ಮೂರು ವಾರ ಹೋಗಿ ಬಂದವರ ಬಗ್ಗೆ ನಾಲ್ಕು ಸಾಲು ಮುಗಿಸುವುದೇ ಕಷ್ಟ.

ಒಂದು ವ್ಯತ್ಯಾಸ ಗಮನಿಸಿ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮಕ್ಕೆ 18 ತುಂಬಿರಬೇಕು, ಕೆಲಸಕ್ಕೆ ತಕ್ಕ ಅರ್ಹತೆ ಇರಬೇಕು. ಆಯ್ಕೆಯಾಗಿ ಬೇರೆ ದೇಶಕ್ಕೆ ಹೋದವರಿಗೆ ಅವರೇ ಜೀವನಕ್ಕೆ ಭತ್ಯೆ ಕೊಡುತ್ತಾರೆ. ಏಕೆಂದರೆ ಅಲ್ಲಿ ಕೆಲಸ ಇದೆ, ಆಳು ಬೇಕು. ಹುಡುಗನೇ ದುಡ್ಡು ಕಟ್ಟಬೇಕು ಅಂದರೆ ಅಲ್ಲಿ ಬೇಕಾಗಿರುವುದು ಏನು ಅಂತ ಯೋಚಿಸಿ.

ಕೋಟೆ ಮೇಷ್ಟ್ರು

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು. ನಮ್ಮ ತಾಲ್ಲೂಕಿನ ಹಾಡಿಗಳ ಜನರಿಗೆ ಆಸ್ಪತ್ರೆ ಕಟ್ಟಿದರು, ಹೊಸಹಳ್ಳಿಯಲ್ಲಿ ಶಾಲೆ ಮಾಡಿದರು. ಶುರು ಮಾಡಿದಾಗ ಅವರೂ ಹುಡುಗರೇ. ಆದರೆ ಅವರು ಡಾಕ್ಟರ್ ಕೆಲಸ ಕಲಿತು ಬಂದರು. ಬಂದವರು ಇಲ್ಲೇ ಉಳಿದರು. ನಾನು ಕಣ್ಣಾರೆ ನೋಡಿದ್ದೇನೆ.

ಕುವೆಂಪುನಗರದ ಅಮ್ಮ

ನಿಮ್ಮೆಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಿನ್ನೆ ಯಜಮಾನರೂ ನಾನೂ ಕೂತು ಪೂರ್ತಿ ಓದಿದೆವು. ಇವತ್ತು ಕಂಪನಿಗೆ ಫೋನ್ ಮಾಡಿದೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ.

1,85,000ದಲ್ಲಿ ಆ ಶಾಲೆಗೆ ಎಷ್ಟು ಹೋಗುತ್ತದೆ ಅಂತ ಕೇಳಿದೆ. ಅದು ಒಳಗಿನ ವಿಷಯ ಅಂದರು. ಶಾಲೆಯ ಹೆಡ್‌ಮಾಸ್ಟರ್ ಜೊತೆ ಮಾತಾಡಬಹುದಾ ಅಂದೆ. ಭಾಷೆ ಸಮಸ್ಯೆ ಆಗುತ್ತದೆ ಅಂದರು. ನನ್ನ ಮಗನಿಗೆ ಪಾಠ ಮಾಡಲು ಏನು ತರಬೇತಿ ಕೊಡುತ್ತೀರಿ ಅಂದೆ. ಮೊದಲ ದಿನ ಒಂದು ಗಂಟೆ ಪರಿಚಯ ಇರುತ್ತದೆ ಅಂದರು. ಹಿಂದಿನ ತಂಡ ಹೋಗಿ ಎಷ್ಟು ದಿನ ಆಯಿತು ಅಂತ ಕೇಳಿದೆ. ಎರಡು ವಾರ. ಅನಾಥಾಲಯದ ಮಕ್ಕಳಿಗೆ ಅಪ್ಪ ಅಮ್ಮ ಇದ್ದಾರಾ ಅಂದಾಗ ಆ ಹುಡುಗಿ ಸುಮ್ಮನಾದಳು. ಆಮೇಲೆ ಮೆಲ್ಲಗೆ, "ಅದು ನನಗೆ ಗೊತ್ತಿಲ್ಲ ಮೇಡಂ, ನಾನು ಸೇಲ್ಸ್" ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಿಗೂ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು.

ನಾವು ಕಟ್ಟುತ್ತಿಲ್ಲ. ಆದರೆ ಮಗನಿಗೆ ಬೇಡ ಅಂತಷ್ಟೇ ಹೇಳಿ ಸುಮ್ಮನಾಗಲು ನನಗೆ ಇಷ್ಟವಿಲ್ಲ. ಅವನ ಆಸೆಯಲ್ಲಿ ತಪ್ಪಿಲ್ಲ. ಅವನಿಗೂ ಇದನ್ನೆಲ್ಲ ಓದಲು ಕೊಟ್ಟಿದ್ದೇನೆ. ಅವನೇ ಬರೆಯುತ್ತಾನಂತೆ.

ಕುವೆಂಪುನಗರದ ಅಮ್ಮನ ಮಗ

ನಮಸ್ಕಾರ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಎರಡು ದಿನ ಯೋಚನೆ ಮಾಡಿದೆ. ನನಗೆ ಬರುವ, ಅಲ್ಲಿ ಯಾರಿಗೂ ಬರದ ಕೆಲಸ ಒಂದೂ ಇಲ್ಲ. ಮೊದಲು ಬೇಜಾರಾಯಿತು. ಆಮೇಲೆ ಮದ್ದೂರಿನ ಅಂಕಲ್ ಬರೆದದ್ದನ್ನು ಮತ್ತೆ ಓದಿದೆ. ನನಗೆ ಹಿಂದಿ ಚೆನ್ನಾಗಿ ಬರುತ್ತದೆ. ಅಪ್ಪನ ಕೆಲಸದ ಮೇಲೆ ನಾವು ಐದು ವರ್ಷ ಭೋಪಾಲ್‌ನಲ್ಲಿದ್ದೆವು. ವಾಪಸ್ ಬಂದು ಆರನೇ ಕ್ಲಾಸಿಗೆ ಸೇರಿದಾಗ ನನಗೂ ಕನ್ನಡ ಓದಲು ಬರುತ್ತಿರಲಿಲ್ಲ. ಒತ್ತಕ್ಷರ ಬಂದರೆ ಕ್ಲಾಸಿನಲ್ಲಿ ಎಲ್ಲರೂ ನಗುತ್ತಿದ್ದರು. ಪಕ್ಕದ ಮನೆ ಅಜ್ಜಿ ದಿನಾ ಸಂಜೆ ಅಂಗಡಿಗಳ ಬೋರ್ಡ್ ಓದಿಸುತ್ತಾ ವಾಕಿಂಗ್ ಕರೆದುಕೊಂಡು ಹೋಗಿ ಕಲಿಸಿದರು. ಹಿಂದಿಯಿಂದ ಕನ್ನಡಕ್ಕೆ ಬರುವಾಗ ಎಲ್ಲೆಲ್ಲಿ ಎಡವುತ್ತಾರೆ ಅನ್ನೋದು ನನಗೆ ಗೊತ್ತು.

ಅಂಕಲ್, ನಾನು ಬರಬಹುದಾ? ಶಾಲೆ ಶುರುವಾಗುವ ಮುಂಚೆ ಆ ಮಕ್ಕಳಿಗೆ ಕನ್ನಡ ಸ್ವಲ್ಪ ಅಭ್ಯಾಸ ಆದರೆ ಹಿಂದಿನ ಬೆಂಚಿಗೆ ಹೋಗಲ್ಲ ಅನ್ನಿಸುತ್ತದೆ. ಕೌನ್ಸೆಲಿಂಗ್ ಶುರುವಾದ ಮೇಲೂ ಭಾನುವಾರ ಬರುತ್ತೇನೆ. ಪಾಂಡವಪುರದ ಅಕ್ಕ, ನೇಪಾಳಕ್ಕೆ ನಾನು ಮುಂದೊಂದು ದಿನ ಹೋಗೇ ಹೋಗುತ್ತೇನೆ. ಆಮಾ ಊರಿನ ಹೆಸರು ಆಗ ಕೇಳುತ್ತೇನೆ.

ಮಕ್ಕಳ ಕೆಲಸದವಳು, ಮೈಸೂರು

ಪುಟ್ಟ, ತುಂಬಾ ಖುಷಿಯಾಯಿತು. ಇಲ್ಲಿಗೂ ಅದೇ ನಿಯಮ. ಮಕ್ಕಳ ಜೊತೆ ಒಬ್ಬನೇ ಮುಚ್ಚಿದ ಜಾಗದಲ್ಲಿ ಕೂರಬೇಡ. ಎಲ್ಲರಿಗೂ ಕಾಣುವ ಕಡೆ ಪಾಠ ಮಾಡು. ಅವರ ಫೋಟೋ ಎಲ್ಲೂ ಹಾಕಬೇಡ. ಮೊದಲ ದಿನವೇ ಎಷ್ಟು ದಿನ ಬರುತ್ತೀಯ ಅಂತ ಮಕ್ಕಳಿಗೆ ಹೇಳು. ಹೇಳಿದ ಭಾನುವಾರ ತಪ್ಪಿಸಬೇಡ. ಊರಿನ ಶಾಲೆಯ ಶಿಕ್ಷಕರನ್ನು ಮೊದಲು ನೋಡು. ಅವರಿಗೆ ಗೊತ್ತಿರಲಿ.

ಪಾಂಡವಪುರದ ಹುಡುಗಿ

ತಮ್ಮ, ಪಾಂಡವಪುರದಿಂದ ಮದ್ದೂರು ನನಗೇನು ದೂರ ಅಲ್ಲ. ಮೊದಲ ಭಾನುವಾರ ನಾನೂ ಬರುತ್ತೇನೆ. ಬೋರ್ಡಿನ ಮೇಲೆ ಏನಾದರೂ ಇದ್ದರೆ ಒರೆಸುವ ಮುಂಚೆ ಅಲ್ಲಿನ ಟೀಚರ್‌ನ ಕೇಳೋಣ.

ಮದ್ದೂರಿನ ಅಪ್ಪ

ಬಾ ಮಗ. ಮೈಸೂರಿನಿಂದ ಬೆಳಗಿನ ಪ್ಯಾಸೆಂಜರ್ ಹತ್ತು. ಮದ್ದೂರು ಸ್ಟೇಷನ್‌ನಲ್ಲಿ ಇಳಿದು ಫೋನ್ ಮಾಡು, ಬೈಕ್ ತರುತ್ತೇನೆ. ಶಾಲೆ ಮೇಡಂ ಹತ್ತಿರ ನಿನ್ನೆಯೇ ಮಾತಾಡಿದೆ, ಬೀಗದ ಕೈ ಕೊಡುತ್ತೇನೆ ಅಂದಿದ್ದಾರೆ. ಜಗುಲಿಯಲ್ಲೇ ಕೂರಿಸೋಣ, ಅಲ್ಲಿ ಬೇವಿನ ಮರದ ನೆರಳಿದೆ. ಆಲೆಮನೆಗೆ ಹೋಗಿ ಕೇಳಿಕೊಂಡು ಬಂದೆ. ಏಳು ಮಕ್ಕಳಿದ್ದಾರೆ. ದೊಡ್ಡವಳಿಗೆ ಹನ್ನೊಂದು. ಅವಳಿಗೆ ಅವಳ ಹೆಸರನ್ನು ಕನ್ನಡದಲ್ಲಿ ಬರೆಯೋದು ಹೇಗೆ ಅಂತ ಮೊದಲು ತೋರಿಸಬೇಕಂತೆ. ನನ್ನ ಕೈಯಲ್ಲಿ ಬರೆಸಿಕೊಂಡಳು. ಆದರೆ ನನ್ನ ಅಕ್ಷರ ಅವಳಿಗೆ ಹಿಡಿಸಲಿಲ್ಲ.